ಮೂವತ್ತರ ಗೆರೆ

ಗಣಿತ ಬಲ್ಲವನಿಗೆ ಜೂಜಿನ ಚಟ ಹತ್ತುವುದಿಲ್ಲವೆಂಬ ನಂಬಿಕೆಯೊಂದು ಲೋಕದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಚಾಮರಾಜನಗರದ ಆ ಮೇಷ್ಟರೂ ಹಾಗೆಯೇ ನಂಬಿದ್ದರು. ಪ್ರತಿದಿನ ಬೆಳಿಗ್ಗೆ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋಗಿ, ಅಲ್ಲಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಹೇಳಿಕೊಟ್ಟು, ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದ ಗೃಹಸ್ಥರು. ಇಸ್ಪೀಟಿನ ಎಲೆಯನ್ನು ಮುಟ್ಟಿದವರಲ್ಲ; ಯುಗಾದಿಯ ದಿನ ಬೀದಿಯವರೆಲ್ಲ ಜೂಜಿಗೆ ಕುಳಿತಾಗಲೂ ಒಳಗೆ ಕುಳಿತು ಪಂಚಾಂಗ ತಿರುವುತ್ತಿದ್ದವರು. ಅಂಥವರು 2020ರ ಬೇಸಗೆಯಲ್ಲಿ ಷೇರುಪೇಟೆಯನ್ನು ಹೊಕ್ಕರೆಂದರೆ, ಅದಕ್ಕೆ ಕಾರಣ ದುರಾಶೆಯಲ್ಲ. ಒಂದು ಸೂತ್ರ.

ಆ ವರ್ಷದ ಮಾರ್ಚಿಯಲ್ಲಿ ಶಾಲೆಗಳ ಬಾಗಿಲು ಮುಚ್ಚಿದುವು. ಸಂಬಳ ಅರ್ಧಕ್ಕಿಳಿಯಿತು. ಸುಣ್ಣದ ಕಡ್ಡಿ ಹಿಡಿಯದ ಕೈ ಚಡಪಡಿಸುತ್ತಿತ್ತು. ಹೀಗಿರಲು ಬೆಂಗಳೂರಿನಿಂದ ಊರಿಗೆ ಬಂದು ಸಿಕ್ಕಿಕೊಂಡಿದ್ದ ಹಳೆಯ ಶಿಷ್ಯನೊಬ್ಬ ತನ್ನ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದ. ಮೇಲೆ ಷೇರಿನ ಬೆಲೆ ಏರಿಳಿಯುವ ರೇಖೆ. ಅದರ ಕೆಳಗೆ ಸೊನ್ನೆಯಿಂದ ನೂರರವರೆಗೆ ಓಲಾಡುವ ಇನ್ನೊಂದು ರೇಖೆ. ಎಪ್ಪತ್ತರಲ್ಲೊಂದು, ಮೂವತ್ತರಲ್ಲೊಂದು ಅಡ್ಡಗೆರೆ. "ಮೂವತ್ತರ ಕೆಳಗೆ ಇಳಿದಾಗ ಕೊಳ್ಳಬೇಕು, ಎಪ್ಪತ್ತರ ಮೇಲೆ ಹೋದಾಗ ಮಾರಬೇಕು ಸಾರ್, ಅಷ್ಟೇ" ಎಂದು ಶಿಷ್ಯ. ಗುರು ಕೇಳಿದ ಮೊದಲ ಪ್ರಶ್ನೆ, "ಈ ಅಂಕಿ ಬರುವುದು ಹೇಗೆ?" ಎಂಬುದು. ಶಿಷ್ಯನಿಗೆ ಅದು ಗೊತ್ತಿರಲಿಲ್ಲ. ಪಾಪ, ಅವನಿಗೆ ಗೊತ್ತಿದ್ದರೆ ಮೇಷ್ಟರಿಗೆ ಇಷ್ಟು ಕುತೂಹಲ ಹುಟ್ಟುತ್ತಿರಲಿಲ್ಲವೇನೊ.

ಸಾಪೇಕ್ಷ ಬಲದ ಸೂಚ್ಯಂಕವೆಂದು ಕನ್ನಡದಲ್ಲಿ ಹೇಳಬಹುದಾದ ಈ ಸಾಧನವನ್ನು ಪೇಟೆಯವರು ಆರ್.ಎಸ್.ಐ. ಎಂದೇ ಕರೆಯುತ್ತಾರೆ. ಅದನ್ನು ರಚಿಸಿದಾತ ಅಮೆರಿಕದ ಜೆ. ವೆಲ್ಸ್ ವೈಲ್ಡರ್. ಯಂತ್ರಶಾಸ್ತ್ರವನ್ನು ಓದಿ, ಬಳಿಕ ಮನೆ-ಜಮೀನುಗಳ ವ್ಯವಹಾರಕ್ಕಿಳಿದು, ಕೊನೆಗೆ ಪೇಟೆಯ ಧಾರಣೆಗಳ ಬೆನ್ನು ಹತ್ತಿದ ಮನುಷ್ಯ. 1978ರಲ್ಲಿ ಆತ ಪ್ರಕಟಿಸಿದ ಪುಸ್ತಕದಲ್ಲಿ ಈ ಸೂತ್ರವಿದೆ. ಮನೆಮನೆಗೆ ಕಂಪ್ಯೂಟರು ಬರುವ ಮೊದಲಿನ ದಿನಗಳು ಅವು. ಆದುದರಿಂದ ಒಂದು ಹಾಳೆ, ಒಂದು ಪೆನ್ಸಿಲು, ಒಂದು ಸಣ್ಣ ಲೆಕ್ಕದ ಯಂತ್ರ ಇದ್ದರೆ ಸಾಕೆಂಬಂತೆ ಅದನ್ನು ಹೆಣೆದಿದ್ದ. ಕಳೆದ ಹದಿನಾಲ್ಕು ದಿನಗಳಲ್ಲಿ ಬೆಲೆ ಏರಿದ ದಿನಗಳ ಏರಿಕೆಯನ್ನೆಲ್ಲ ಕೂಡಿ ಹದಿನಾಲ್ಕರಿಂದ ಭಾಗಿಸು. ಇಳಿದ ದಿನಗಳ ಇಳಿತಕ್ಕೂ ಹಾಗೆಯೇ ಮಾಡು. ಏರಿಕೆಯ ಸರಾಸರಿಯನ್ನು ಎರಡೂ ಸರಾಸರಿಗಳ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸೂಚ್ಯಂಕ. ಏರಿಕೆ ದಿನಕ್ಕೆ ಸರಾಸರಿ ಮೂರು ರೂಪಾಯಿ, ಇಳಿತ ಒಂದು ರೂಪಾಯಿ ಎಂದಾದರೆ 75, ತಿರುಗುಮುರುಗಾದರೆ 25, ಎರಡೂ ಸಮವಾದರೆ 50. ಹದಿನೈದನೆಯ ದಿನದಿಂದ ಮುಂದೆ ಹಿಂದಿನ ಸರಾಸರಿಯನ್ನು ಹದಿಮೂರರಿಂದ ಗುಣಿಸಿ, ಆ ದಿನದ್ದನ್ನು ಸೇರಿಸಿ, ಹದಿನಾಲ್ಕರಿಂದ ಭಾಗಿಸುತ್ತ ಹೋಗಬೇಕು.

ಎಂಟನೆಯ ತರಗತಿಯ ಹುಡುಗ ಮಾಡಬಹುದಾದ ಲೆಕ್ಕ! ಮೇಷ್ಟರಿಗೆ ಅದರ ಸರಳತೆಯೇ ಮೋಹಕವಾಗಿ ಕಂಡಿತು. ಫೋನು ತಾನಾಗಿಯೇ ತೋರಿಸುವ ಅಂಕಿಯನ್ನು ನಂಬದೆ, ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ಕೊಂದನ್ನು ತಂದು, ಎಡಗಡೆಯ ಪುಟಗಳಲ್ಲಿ ಕೆಂಪು ಶಾಯಿಯಿಂದ ಕಂಬಸಾಲು ಎಳೆದರು. ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚಿದ ಮೇಲೆ ಬೆಲೆ ಬರೆದುಕೊಂಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ಲೆಕ್ಕಕ್ಕೆ ಕೂಡುವರು. ಹೆಂಡತಿ ಕಾಫಿ ತಂದಿಟ್ಟರೆ ಆರುವವರೆಗೂ ಪರಿವೆಯಿಲ್ಲ. ದಶಮಾಂಶದ ಎರಡನೆಯ ಸ್ಥಾನದವರೆಗೂ ಅವರ ಉತ್ತರ ಫೋನಿನ ಉತ್ತರಕ್ಕೆ ಹೊಂದಿದ ದಿನ ಆ ಮನೆಯಲ್ಲಿ ಪಾಯಸವಾಯಿತು.

ನಲವತ್ತು ಸಾವಿರ ರೂಪಾಯಿ ಹಾಕಿದರು. ಒಂದೂವರೆ ವರ್ಷದಲ್ಲಿ ಅದು ಎಂಬತ್ತು ಸಾವಿರವಾಯಿತು. ಸೂತ್ರಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಬೇಕಾಗಿತ್ತು. ಅದೇ ಒಂದೂವರೆ ವರ್ಷದಲ್ಲಿ ಇಡೀ ಪೇಟೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ಮೇಷ್ಟರು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. 2020ರ ಮಾರ್ಚ್ 23ರಂದು 7,610ಕ್ಕೆ ಬಿದ್ದಿದ್ದ ನಿಫ್ಟಿ, 2021ರ ಅಕ್ಟೋಬರಿನಲ್ಲಿ 18,000ವನ್ನು ದಾಟಿತ್ತು. ಆ ಅವಧಿಯಲ್ಲಿ ಗಿಳಿಯಿಂದ ಚೀಟಿ ಎತ್ತಿಸಿ ಕೊಂಡವನೂ ಲಾಭವನ್ನೇ ನೋಡಿದ. ಹೊಳೆ ಏರುತ್ತಿರುವಾಗ ಈಜು ಬಲ್ಲವನಾರು, ದೋಣಿಯಲ್ಲಿ ಕುಳಿತವನಾರು ಎಂಬುದು ದಡದಲ್ಲಿದ್ದವರಿಗೆ ತಿಳಿಯುವುದಿಲ್ಲ.

ಇದನ್ನು ಮೊದಲು ಗುರುತಿಸಿದವರು ಅದೇ ಶಾಲೆಯ ಚರಿತ್ರೆಯ ಉಪಾಧ್ಯಾಯರು. ಶಾಲೆ ಮತ್ತೆ ತೆರೆದಮೇಲೆ ಬಸ್ಸಿನಲ್ಲಿ ಅವರದು ಮೇಷ್ಟರ ಪಕ್ಕದ ಆಸನ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ತೆರಕಣಾಂಬಿಯ ಮೇಲಿನ ದಾರಿ ಒಂದು ಗಂಟೆಗೆ ಸಮೀಪದ ಪ್ರಯಾಣ. ಮಾತಿಗೆ ಬೇಕಾದಷ್ಟು ಕಾಲ. ಒಂದು ದಿನ ಮೇಷ್ಟರು ಸೂತ್ರದ ಮಹಿಮೆಯನ್ನು ವಿಸ್ತರಿಸುತ್ತಿರುವಾಗ ಅವರು ನಕ್ಕು, "ನಮ್ಮೂರಿಗೂ ಒಂದು ಸೂಚ್ಯಂಕ ಇದೆಯಲ್ಲ" ಎಂದರು.

ಅವರು ಹೇಳಿದ್ದು ಕರ್ನಾಟಕದಲ್ಲಿ ಎಲ್ಲರೂ ಬಲ್ಲ ಮಾತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂಬ ಪ್ರತೀತಿ. ಅದಕ್ಕಂಜಿ ವರ್ಷಗಟ್ಟಲೆ ಮುಖ್ಯಮಂತ್ರಿಗಳು ಆ ಕಡೆ ತಲೆ ಹಾಕದಿದ್ದುದೂ ಉಂಟು. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಬಂದರು, ಅದೇ ವರ್ಷದ ಅಕ್ಟೋಬರಿನಲ್ಲಿ ಅಧಿಕಾರ ಹೋಯಿತು. ಊರಿನ ಸೂಚ್ಯಂಕ ಮತ್ತೊಮ್ಮೆ ನಿಜವಾಯಿತೆಂದರು ಜನ. "ಆದರೆ" ಎಂದರು ಚರಿತ್ರೆಯವರು, "ಇಪ್ಪತ್ತು ತಿಂಗಳು ಇವರು, ಆಮೇಲೆ ಅವರು ಎಂದು ಮಾತಾಗಿದ್ದುದು 2006ರಲ್ಲೇ. ಆ ಅಕ್ಟೋಬರಿಗೆ ಅವಧಿ ಮುಗಿಯಬೇಕಾಗಿತ್ತು. ಚಾಮರಾಜನಗರಕ್ಕೆ ಬರಲಿ, ಬೀದರಿಗೆ ಹೋಗಲಿ. ಈ ರಾಜ್ಯದಲ್ಲಿ ಐದು ವರ್ಷ ಪೂರ್ತಿ ಕುರ್ಚಿಯಲ್ಲಿ ಕುಳಿತವರನ್ನು ಬೆರಳಲ್ಲಿ ಎಣಿಸಬಹುದು. ಯಾವ ಊರ ಹೆಸರು ಇಟ್ಟುಕೊಂಡರೂ ಭವಿಷ್ಯ ನಿಜವೇ ಆಗುತ್ತಿತ್ತು. ಸಿದ್ದರಾಮಯ್ಯ 2013ರಲ್ಲಿ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಮುಗಿಸಿಯೇ ಇಳಿದರು. ನಿಮ್ಮ ಮೂವತ್ತರ ಗೆರೆ ತಪ್ಪಿದ ದಿನಗಳನ್ನು ಎಲ್ಲಿ ಬರೆದಿಟ್ಟಿದ್ದೀರಿ?"

ಮೇಷ್ಟರಿಗೆ ನಗು ಬಂತು. ಮೂಢನಂಬಿಕೆಗೂ ಗಣಿತಕ್ಕೂ ಹೋಲಿಕೆಯೆ? ಆ ಪ್ರಶ್ನೆಗೆ ಅವರು ಉತ್ತರ ಹೇಳಲಿಲ್ಲ, ಗುಂಡ್ಲುಪೇಟೆ ಬಂದಿತ್ತು.

ಆ ವರ್ಷದ ನವೆಂಬರಿನಲ್ಲಿ ಮಗಳ ಹೆಸರಿನ ಠೇವಣಿ ಮುಗಿದು ಮೂರು ಲಕ್ಷ ರೂಪಾಯಿ ಕೈಗೆ ಬಂತು. ಮಗಳು ಆಗ ದ್ವಿತೀಯ ಪಿ.ಯು.ಸಿ. ಮೈಸೂರಿನ ಖಾಸಗಿ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಓದಬೇಕೆಂಬುದು ಅವಳ ಆಸೆ. ಹಣವನ್ನು ಮತ್ತೆ ಬ್ಯಾಂಕಿನಲ್ಲಿಡಬೇಕೆಂಬುದು ಹೆಂಡತಿಯ ಮಾತು. "ಇಡೋಣ" ಎಂದು ಮೇಷ್ಟರು ಹೇಳಿದರು. ಇಡಲಿಲ್ಲ. ಅದು ಅವರ ಸಂಸಾರದಲ್ಲಿ ಅವರು ಆಡಿದ ಮೊದಲ ಸುಳ್ಳೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಸಣ್ಣ ಕಂಪೆನಿಯೊಂದರ ಷೇರು 212 ರೂಪಾಯಿಗೆ ಬಂದಿತ್ತು, ಸೂಚ್ಯಂಕ 29. ಒಂದು ಲಕ್ಷಕ್ಕೆ ಕೊಂಡರು. ಬೆಲೆ 171ಕ್ಕೆ ಇಳಿಯಿತು, ಸೂಚ್ಯಂಕ 26. ಎಂಬತ್ತು ಸಾವಿರಕ್ಕೆ ಕೊಂಡರು. 128ಕ್ಕೆ ಇಳಿದಾಗ ಮತ್ತೆ ಎಂಬತ್ತು ಸಾವಿರ. 96ಕ್ಕೆ ಬಂದಾಗ, ಉಳಿದಿದ್ದ ನಲವತ್ತರ ಜತೆಗೆ ಹಿಂದಿನ ಲಾಭದ ನಲವತ್ತು ಸಾವಿರವನ್ನೂ ಸೇರಿಸಿ ಕೊಂಡರು. ಪ್ರತಿಸಲವೂ ರೇಖೆ ಮೂವತ್ತರ ಕೆಳಗೇ ಇತ್ತು. ಸೂತ್ರ ಅವರಿಗೆ ಒಮ್ಮೆಯೂ ಸುಳ್ಳು ಹೇಳಲಿಲ್ಲ. ಬೆಲೆ ಬಿರುಸಾಗಿ ಇಳಿಯುತ್ತಿದೆ ಎಂದಿತು. ಬೆಲೆ ಬಿರುಸಾಗಿಯೇ ಇಳಿಯುತ್ತಿತ್ತು. ಇಳಿದದ್ದು ಸಾಕಾಯಿತೆಂದು ಅದು ಯಾವಾಗ ಹೇಳಿತ್ತು?

ಇಂಥದಕ್ಕೆ ದೊಡ್ಡ ನಿದರ್ಶನ ಮೇಷ್ಟರ ಕಣ್ಣೆದುರಿಗೇ ಇತ್ತು. 2018ರ ಆಗಸ್ಟಿನಲ್ಲಿ ನಾನೂರು ರೂಪಾಯಿಯ ಅಂಚಿನಲ್ಲಿದ್ದ ಯೆಸ್ ಬ್ಯಾಂಕಿನ ಷೇರು, ಸೆಪ್ಟೆಂಬರ್ 21ರ ಒಂದೇ ದಿನ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಅಷ್ಟು ಇಳಿದಮೇಲೆ ಇನ್ನೇನು ಇಳಿದೀತೆಂದು ಕೊಂಡವರು ಸಾವಿರಾರು ಮಂದಿ. 2020ರ ಮಾರ್ಚ್ 5ರಂದು ಬ್ಯಾಂಕಿನ ವ್ಯವಹಾರಕ್ಕೆ ನಿರ್ಬಂಧ ಬಿದ್ದು, ಮರುದಿನ ಅದೇ ಷೇರು ಇಪ್ಪತ್ತು ರೂಪಾಯಿಗಿಂತ ಕೆಳಗೆ ಮುಗಿಯಿತು. ವಿದ್ವಾಂಸರ ಅಭಿಪ್ರಾಯವೂ ಮೇಷ್ಟರಿಗೆ ಅನುಕೂಲವಾಗಿರಲಿಲ್ಲ. ಜಗದೀಶ್ ಮತ್ತು ಟಿಟ್ಮನ್ ಎಂಬಿಬ್ಬರು 1993ರಲ್ಲಿ ಅಮೆರಿಕದ ಷೇರುಗಳನ್ನು ಪರೀಕ್ಷಿಸಿ, ಕೆಲವು ತಿಂಗಳಿಂದ ಏರಿದವು ಮುಂದಿನ ಕೆಲವು ತಿಂಗಳು ಇತರವುಗಳಿಗಿಂತ ಮೇಲಾಗಿಯೂ, ಇಳಿದವು ಕೀಳಾಗಿಯೂ ಸಾಗುವ ಪ್ರವೃತ್ತಿಯನ್ನು ತೋರಿಸಿದ್ದರು. ಉರುಳುವ ಕಲ್ಲು ಇನ್ನಷ್ಟು ದೂರ ಉರುಳುತ್ತದೆ ಎಂಬುದು ಅವರ ಲೆಕ್ಕ. ಉರುಳುವ ಕಲ್ಲು ತಾನಾಗಿ ತಿರುಗಿ ಮೇಲೇರುತ್ತದೆ ಎಂಬುದು ಮೇಷ್ಟರ ನಿರೀಕ್ಷೆ.

2022ರ ಮಾರ್ಚಿಯ ಹೊತ್ತಿಗೆ ಷೇರು 54 ರೂಪಾಯಿಯಲ್ಲಿ ನಿಂತಿತು. ನಿಂತಿತೆಂದರೆ, ಒಂದು ದಿನ ಒಂದು ರೂಪಾಯಿ ಮೇಲೆ, ಮರುದಿನ ಒಂದು ರೂಪಾಯಿ ಕೆಳಗೆ. ಹೀಗೆ ಎರಡು ತಿಂಗಳು. ನೋಟ್‌ಬುಕ್ಕಿನಲ್ಲಿ ಮಾತ್ರ ಸೂಚ್ಯಂಕ 24ರಿಂದ ಮೆಲ್ಲಮೆಲ್ಲಗೆ 47ಕ್ಕೆ ಏರಿತ್ತು. ಮೇಷ್ಟರ ಮುಖದಲ್ಲಿ ಗೆಲುವು ಕಾಣಿಸಿಕೊಂಡಿತು. ಬಲ ಮರಳಿ ಬರುತ್ತಿದೆ! ಒಂದು ರಾತ್ರಿ ನಿದ್ದೆ ಬರದೆ ಎದ್ದು, ಆ ಏರಿಕೆ ಎಲ್ಲಿಂದ ಬಂತೆಂದು ಸಾಲುಸಾಲಾಗಿ ಬಿಡಿಸಿ ನೋಡಿದರು. ಷೇರು ಒಂದು ಕಾಸೂ ಏರಿರಲಿಲ್ಲ. ಹಳೆಯ ಕುಸಿತ ಮಾತ್ರ ದಿನದಿನಕ್ಕೆ ಹದಿನಾಲ್ಕರಲ್ಲಿ ಒಂದು ಪಾಲಿನಂತೆ ಸವೆದು ಲೆಕ್ಕದಿಂದ ಮರೆಯಾಗುತ್ತಿತ್ತು. ಸೂತ್ರಕ್ಕೆ ಮರೆವಿತ್ತು. ಮೂರು ಲಕ್ಷದ ನಲವತ್ತು ಸಾವಿರಕ್ಕೆ ಮರೆವಿರಲಿಲ್ಲ. ಇಪ್ಪತ್ತೆರಡು ವರ್ಷ ಸರಾಸರಿಯ ಪಾಠ ಹೇಳಿದವರಿಗೆ ಇದು ನಡುರಾತ್ರಿಯಲ್ಲಿ ಹೊಳೆಯಬೇಕಾಗಿತ್ತೆ ಎಂದು ಕೇಳುವುದು ಸುಲಭ. ಬೇರೆಯವರ ಹಣದ ಲೆಕ್ಕ ಯಾವಾಗಲೂ ಸುಲಭವೇ.

ಜೂನ್ ತಿಂಗಳ ಒಂದು ಭಾನುವಾರ ಅವರು ತೆರಕಣಾಂಬಿಯ ಬಳಿಯ ಹಳ್ಳಿಗೆ, ಹೆಂಡತಿಯ ತಮ್ಮನ ಮನೆಗೆ ಹೋದರು. ಸಾಲ ಕೇಳುವ ಉದ್ದೇಶವಿತ್ತು, ಬಾಯಿ ಬರಲಿಲ್ಲ. ಗುಂಡ್ಲುಪೇಟೆಯ ಸೀಮೆಯಲ್ಲಿ ಆ ಋತುವಿನಲ್ಲಿ ರಸ್ತೆಯ ಎರಡು ಬದಿಗೂ ಚೆಂಡುಹೂವಿನ ಹೊಲಗಳು ಅರಳತೊಡಗುತ್ತವೆ. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಭಾವಮೈದುನನ ಎರಡೆಕರೆಯಲ್ಲಿ ಒಂದೆಕರೆ ಹೂವು ಬಣ್ಣ ತೆಗೆಯುವ ಕಾರ್ಖಾನೆಯ ಒಪ್ಪಂದಕ್ಕೆ. ಬೀಜ ಕೊಡುವವರೂ ಅವರೇ, ಮೊದಲೇ ಗೊತ್ತುಮಾಡಿದ ದರಕ್ಕೆ ಕೊಳ್ಳುವವರೂ ಅವರೇ. ದರ ಹೆಚ್ಚಲ್ಲ, ಆದರೆ ಕದಲುವುದಿಲ್ಲ. ಇನ್ನೊಂದು ಎಕರೆಯನ್ನು ಆತ ಓಣಂ ಹಬ್ಬದ ಪೇಟೆಗೆಂದು ಬಿಟ್ಟಿದ್ದ. ಅದು ಬಂದರೆ ಬಂತು, ಹೋದರೆ ಹೋಯಿತು.

ಮೇಷ್ಟರು ತಮ್ಮ ಸಂಗತಿಯನ್ನು ಹೇಳದೆ, ಸೂತ್ರವನ್ನಷ್ಟೇ ವಿವರಿಸಿ, ಹೂವಿನ ಧಾರಣೆಗೂ ಹೀಗೆ ಬರೆದಿಟ್ಟು ನೋಡಬಹುದಲ್ಲವೆ ಎಂದರು. ಆತ ಬದುವಿನ ಮೇಲೆ ಕುಳಿತು ಕೇಳಿದ. ಆಮೇಲೆ ಹೇಳಿದ:

"ಅದ್ಸರಿ ಭಾವ. ರೇಟು ಎಷ್ಟು ಬಿರುಸಾಗಿ ಏರ್ತಾ ಅದೆ ಅನ್ನೋದು ನಂಗೂ ಕಾಣ್ತದೆ, ಬೇಲಿ ಆಚೆಯವನಿಗೂ ಕಾಣ್ತದೆ. ಟೊಮೇಟೊ ಏರ್ತು ಅಂತ ಇಬ್ರೂ ಒಂದೇ ವಾರ ಸಸಿ ನೆಟ್ರೆ, ಕುಯ್ಯೋದೂ ಒಂದೇ ವಾರ. ಆಗ ಕೂಲಿ ಕಾಸೂ ಹುಟ್ಟಾಕಿಲ್ಲ. ನಿಮ್ಮ ಪುಸ್ತಕದಂಥ ಪುಸ್ತಕ ಎಷ್ಟು ಜನ ಬರೀತಾವ್ರೆ?"

ಎಷ್ಟು ಜನ! ಮೇಷ್ಟರು ಕೈಯಿಂದ ಬರೆಯುತ್ತಿದ್ದುದನ್ನು ದೇಶದ ಕೋಟಿಗಟ್ಟಲೆ ಫೋನುಗಳು ಕಣ್ಣುಮಿಟುಕಿಸುವುದರೊಳಗೆ ಬರೆದು ಮುಗಿಸುತ್ತಿದ್ದುವು. 2022ರ ಆಗಸ್ಟಿನ ವೇಳೆಗೆ ಭಾರತದಲ್ಲಿ ಡಿಮ್ಯಾಟ್ ಖಾತೆಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿತು. ಮೂವತ್ತರ ಗೆರೆ ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುವ ಗೆರೆ. ಅದನ್ನು ನೋಡಿ ಕೊಳ್ಳುವ ಪ್ರತಿಯೊಬ್ಬನಿಗೂ, ಅದನ್ನೇ ನೋಡಿದ ಇನ್ನೊಬ್ಬ ಮಾರುತ್ತಿರುತ್ತಾನೆ. ಸೆಬಿ 2024ರ ಜುಲೈಯಲ್ಲಿ ಪ್ರಕಟಿಸಿದ ವರದಿಯಂತೆ, 2022–23ರಲ್ಲಿ ದಿನದೊಳಗೇ ಷೇರು ಕೊಂಡು ಮಾರಿದ ಹತ್ತು ಮಂದಿಯಲ್ಲಿ ಏಳು ಮಂದಿ ನಷ್ಟ ಹೊಂದಿದ್ದರು. ಮೇಷ್ಟರು ದಿನದ ವ್ಯಾಪಾರ ಮಾಡಿದವರಲ್ಲ, ನಿಜ. ಆದರೆ ಆ ಏಳು ಮಂದಿಯ ಫೋನಿನಲ್ಲಿಯೂ ಇದೇ ಎರಡು ಅಡ್ಡಗೆರೆಗಳು ಇದ್ದಿರಲಾರವೆ?

ಸಾಲ ಕೇಳದೆಯೇ ಮೇಷ್ಟರು ಊರಿಗೆ ಹಿಂದಿರುಗಿದರು. ಒಂದು ಚೀಲ ಹೂವು ಕೊಟ್ಟು ಕಳುಹಿದ್ದ. ಬಸ್ಸಿನಲ್ಲಿ ಅದರ ಘಾಟು ಮೂಗಿಗೆ ಅಡರುತ್ತಿತ್ತು.

ಚಾಮರಾಜನಗರದಲ್ಲಿ ಆಷಾಢದ ಹುಣ್ಣಿಮೆಗೆ ಚಾಮರಾಜೇಶ್ವರನ ರಥೋತ್ಸವ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ ಕಟ್ಟಿಸಿದ ಗುಡಿ ಅದು. ಬೇರೆಡೆಗಳಲ್ಲಿ ಆಷಾಢ ಬಂತೆಂದರೆ ಹೊಸ ದಂಪತಿಗಳನ್ನು ಅಗಲಿಸಿಡುತ್ತಾರೆ. ಇಲ್ಲಿ ಅದೇ ಮಾಸದಲ್ಲಿ ಅವರು ಜತೆಯಾಗಿ ಬಂದು ತೇರಿಗೆ ಹಣ್ಣು-ಧವನ ಎಸೆಯುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು, ಉತ್ಸವ ಐದು ವರ್ಷ ನಿಂತುಹೋಗಿತ್ತು. 2022ರ ಜುಲೈ 13ರಂದು ಹೊಸ ತೇರು ಹೊರಟಿತು. ಊರಿಗೆ ಊರೇ ಬೀದಿಯಲ್ಲಿತ್ತು. ಮೇಷ್ಟರ ಹೆಂಡತಿಯೂ, ತಮ್ಮ ಮದುವೆಯ ವರ್ಷ ಇಲ್ಲಿಯೇ ನಿಂತು ಹಣ್ಣೆಸೆದುದನ್ನು ನೆನೆದು, ಗಂಡನನ್ನು ಕರೆತಂದಿದ್ದರು.

ತೇರು ಮೊದಲು ಮಿಸುಕಲಿಲ್ಲ. ಹಗ್ಗ ಬಿಗಿಯಿತು, ಕೂಗು ಎದ್ದಿತು, ಮರ ಕಿರ್ರೆಂದಿತು. ಆಮೇಲೆ ಒಮ್ಮೆಗೇ ಉರುಳತೊಡಗಿ, ನೋಡನೋಡುತ್ತ ಎಳೆಯುವವರ ಹಿಮ್ಮಡಿಯನ್ನೇ ಅಟ್ಟಿಸಿಕೊಂಡು ಬಂತು. ಗಾಲಿಗೆ ಮರದ ಅಡ್ಡಕಟ್ಟೆ ಕೊಡುವ ಆಳು ಪಕ್ಕದಲ್ಲಿ ಬಾಗಿ ಓಡುತ್ತಿದ್ದ. ಅವನ ಕಣ್ಣು ಗಾಲಿಯ ಮುಂದಿನ ಗೇಣುದ್ದ ನೆಲದ ಮೇಲಿತ್ತು. ತೇರು ಎಷ್ಟು ದೂರ ಬಂತೆಂದು ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಮೇಷ್ಟರು ಅವನನ್ನೇ ನೋಡುತ್ತ ನಿಂತಿದ್ದರು. ಯಾವ ಕ್ಷಣದಲ್ಲಿ ನಿರ್ಧಾರವಾಯಿತೊ, ಆ ಗದ್ದಲದಲ್ಲಿ ಹೆಂಡತಿಯ ಕಿವಿಯ ಬಳಿ ಬಗ್ಗಿ ಹೇಳಿದರು.

"ಮಗಳ ದುಡ್ಡು ಬ್ಯಾಂಕಿನಲ್ಲಿಲ್ಲ."

ಆಕೆ ತಿರುಗಿ ನೋಡಲಿಲ್ಲ. "ಗೊತ್ತು" ಎಂದರು. "ಪಾಸ್‌ಬುಕ್ಕು ನೋಡಿದ್ದೆ. ಎಷ್ಟು ಉಳಿದಿದೆ?"

"ಒಂದು ಲಕ್ಷದ ಇಪ್ಪತ್ತೈದು."

ತೇರು ಅವರ ಮುಂದಕ್ಕೆ ಬಂದಿತ್ತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯಲ್ಲಿದ್ದ ಬಾಳೆಹಣ್ಣನ್ನು ಗಂಡನ ಕೈಗಿತ್ತು, "ಎಸೆಯಿರಿ, ತೇರು ದಾಟಿಹೋಗುತ್ತೆ" ಎಂದರು.

ಮರುದಿನ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಪೇಟೆ ತೆರೆದಾಗ ಮೇಷ್ಟರು ಬಸ್ಸಿನಲ್ಲಿದ್ದರು. ಸೂಚ್ಯಂಕ ಕೊಳ್ಳೆಂದೂ ಹೇಳುತ್ತಿರಲಿಲ್ಲ, ಮಾರೆಂದೂ ಹೇಳುತ್ತಿರಲಿಲ್ಲ, 44ರಲ್ಲಿ ಸುಮ್ಮನಿತ್ತು. ಐವತ್ತೆರಡು ರೂಪಾಯಿಯಂತೆ ಎಲ್ಲವನ್ನೂ ಮಾರಿಬಿಟ್ಟರು. ಪಕ್ಕದಲ್ಲಿದ್ದ ಚರಿತ್ರೆಯವರು ಕಿಟಕಿಯ ಆಚೆ ನೋಡುತ್ತಿದ್ದರು, ಏನನ್ನೂ ಕೇಳಲಿಲ್ಲ.

ಆ ವರ್ಷದ ಕೊನೆಗೆ ಮಗಳು ಚಾಮರಾಜನಗರದ ಸರಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಳು. ಮೈಸೂರಿನ ಮಾತನ್ನು ಅವಳು ಎತ್ತಲಿಲ್ಲ. ಮನೆಯ ಊಟ ಸಿಗುತ್ತದೆ, ಹಾಸ್ಟೆಲಿನ ಖರ್ಚಿಲ್ಲ ಎಂದಷ್ಟೇ ಎರಡು ಮೂರು ಸಲ ಹೇಳಿದಳು. ಎರಡು ಮೂರು ಸಲ ಹೇಳಿದ್ದೇ ಮೇಷ್ಟರಿಗೆ ಚುಚ್ಚಿತು. ಷೇರಿನ ಬೆಲೆ ಆಮೇಲೆ ಏನಾಯಿತೆಂದು ಅವರು ನೋಡಿದರೋ ಇಲ್ಲವೋ, ಯಾರಿಗೂ ಹೇಳಿಲ್ಲ.

ನೋಟ್‌ಬುಕ್ಕು ಅಡುಗೆಮನೆಯ ಗೂಡು ಸೇರಿತು. ಬಲಗಡೆಯ ಪುಟಗಳೆಲ್ಲ ಖಾಲಿಯಿದ್ದುವಲ್ಲ, ಮೇಷ್ಟರ ಹೆಂಡತಿ ಅವುಗಳಲ್ಲಿ ಹಾಲಿನ ಲೆಕ್ಕ ಬರೆಯತೊಡಗಿದರು. ಎಡಕ್ಕೆ ಕೆಂಪು ಶಾಯಿಯ ಕಂಬಸಾಲು, ದಶಮಾಂಶದ ಎರಡನೆಯ ಸ್ಥಾನದವರೆಗೆ. ಬಲಕ್ಕೆ ಪೆನ್ಸಿಲಿನಲ್ಲಿ, ದಿನಕ್ಕೊಂದು ಲೀಟರು, ಹಬ್ಬದ ದಿನ ಒಂದೂವರೆ.